ನೂರು ಮಿಲಿ ಸಮುದ್ರ

ತಾತನ ಎಡಗೈಯ ಉಗುರು ಬೆಳೆದಿದ್ದರೂ ಅವರಿಗೆ ಚಿಂತೆ ಇರಲಿಲ್ಲ. ಬಲಗೈಯದನ್ನು ಮಾತ್ರ ಎರಡು ದಿನಕ್ಕೊಮ್ಮೆ ಮಾಂಸದ ಅಂಚಿನವರೆಗೆ ಕತ್ತರಿಸಿಕೊಳ್ಳುತ್ತಿದ್ದರು. ಉದ್ದನೆಯ, ಗಂಟುಗಂಟಾದ ಬೆರಳುಗಳು. ತುಂಬಿದ ಚೀಲದೊಳಗೆ ಇಳಿದರೆ ಒಂದು ಸೀರೆಯ ಮಡಿಕೆಯೂ ಕೆಡದ ಹಾಗೆ ತಳ ಮುಟ್ಟಿ ಮೇಲೆ ಬರುತ್ತಿದ್ದವು. ಒಂದೇ ಕೈಗೆ ಯಾಕೆ ಇಷ್ಟು ಉಪಚಾರ ತಾತ ಎಂದು ಒಮ್ಮೆ ಕೇಳಿದ್ದೆ.

“ಗೇಟ್ನಾಗೆ ಮೈ ತಡವ್ತಿದ್ದ ಕೈ ಕಣಪ್ಪ ಇದು. ಕೆಳಗೆ ಎಂಟು ಗಂಟೆ ಬೆಂದು ಬಂದಿರೋನ ಮೈಗೆ ನನ್ ಉಗುರು ತಾಕಬೋದಾ?”

ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ, ಯಾರಾದರೂ ಚಿನ್ನದ ಚೂರು ಅಡಗಿಸಿಕೊಂಡಿದ್ದಾರೆಯೇ ಎಂದು ತಪಾಸಣೆ ಮಾಡುವುದು ಅವರ ಕೆಲಸವಾಗಿತ್ತು. ಗಣಿ ಮುಚ್ಚಿತು, ಗೇಟು ತುಕ್ಕು ಹಿಡಿಯಿತು, ಹೆಸರು ಉಳಿಯಿತು. ಕೋರಮಂಡಲ್‌ನ ಸಾಲುಮನೆಗಳಿಂದ ಹಿಡಿದು ಬಂಗಾರಪೇಟೆಯ ಸ್ಟೇಷನ್ನಿನ ಟೀ ಅಂಗಡಿಯವರೆಗೆ ಅವರು ಎಲ್ಲರಿಗೂ ಗೇಟ್ ತಾತ.

ನಾನು ಸೈಕಲ್ಲಿಗೆ ಪ್ಲಾಸ್ಟಿಕ್ ಬಕೆಟ್ ಕಟ್ಟಿಕೊಂಡು ಹಳ್ಳಿ ತಿರುಗಿದವನು. ಆಮೇಲೆ ಬಂಗಾರಪೇಟೆಯಲ್ಲಿ ಅಂಗಡಿ ಹಿಡಿದೆ, ಬಸ್ಸು ಮಾತಾಡಿ ಜನರನ್ನು ಯಾತ್ರೆಗೆ ಕರೆದುಕೊಂಡು ಹೋಗತೊಡಗಿದೆ. ಚೌಕಾಶಿ ಬಲ್ಲವನಿಗೆ ಬಸ್ಸಾದರೇನು, ವಿಮಾನವಾದರೇನು? ಟಿಕೆಟ್ ಬೆಲೆ ಜಗ್ಗಿ ಜಗ್ಗಿ ಇಳಿಸಿ, ಮೊದಲ ಸಲ ಇಪ್ಪತ್ತೆರಡು ಜನರನ್ನು ಶ್ರೀಲಂಕಾ ಪ್ರವಾಸಕ್ಕೆ ಹೊರಡಿಸಿದೆ. ಹೋಟೆಲು, ಊಟ, ಬಸ್ಸು ಎಲ್ಲ ಲೆಕ್ಕ ಹಾಕಿದ್ದೆ. ಚೀಲದ ಒಳಗೆ ಏನಿದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಮಾನ ಹೋಯಿತು. ಕೈಚೀಲಗಳು ಯಂತ್ರದೊಳಗೆ ಹೋಗಿದ್ದೇ ತಡ, ಒಂದೊಂದಾಗಿ ಪಕ್ಕಕ್ಕೆ ಸರಿದವು. ಮಾವಿನ ಉಪ್ಪಿನಕಾಯಿ, ತಲೆಗೆ ಹಚ್ಚುವ ಎಣ್ಣೆ, ಜೇನು, ದೊಡ್ಡ ಟ್ಯೂಬಿನ ಪೇಸ್ಟು. ಉರಿಗಾಂನ ಹೆಂಗಸೊಬ್ಬರು ತುಪ್ಪದ ಡಬ್ಬವನ್ನು ಅಧಿಕಾರಿಯ ಮುಂದೆ ತಲೆಕೆಳಗು ಹಿಡಿದು, “ನೋಡ್ರಿ ಸಾರ್, ಗಟ್ಟಿಗೈತೆ! ಇದ್ರಾಗೆ ನೀರೆಲ್ಲೈತೆ ತೋರ್ಸಿ?” ಎಂದು ಜಗಳಕ್ಕೆ ನಿಂತರು. ಅಧಿಕಾರಿ ನಕ್ಕರು, ಡಬ್ಬ ಬಿಡಲಿಲ್ಲ. ಕಳೆದುಕೊಂಡವರೆಲ್ಲ ಬೈದದ್ದು ನನ್ನನ್ನು.

ಆ ಗುಂಪಿನಲ್ಲಿ ತಾತನೂ ಇದ್ದರು. ಅವರ ಚೀಲ ಒಂದು ಕ್ಷಣವೂ ನಿಲ್ಲದೆ ಆಚೆ ಬಂದಿತ್ತು. ಊರಿಗೆ ಮರಳಿದ ಮೇಲೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದರು: “ಮುಂದಿನ ಸಲ ಒರಡೋ ಮುಂಚಿನ ದಿನ ಎಲ್ರ ಚೀಲಾನೂ ನನ್ ಮುಂದೆ ಇಡಿಸು. ಅಲ್ಲಿ ಮಾನ ಕಳ್ಕೊಳ್ಳೋ ಬದ್ಲು ಇಲ್ಲೇ ನೋಡ್ಬಿಡಾನ.”

“ನಿಮ್ಗೇನು ಕೊಡ್ಬೇಕು ತಾತ?” ಎಂದೆ. ನನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ ಅದೇ.

“ಕಿಟಕಿ ಸೀಟು.”

ಹಾಗೆ ಶುರುವಾಯಿತು. ಹೊರಡುವ ಹಿಂದಿನ ಸಂಜೆ ಅಂಗಡಿಯ ಮುಂದೆ ಚಾಪೆ ಹಾಸುತ್ತಿದ್ದೆವು. ತಾತ ಚಕ್ಕಳಮಕ್ಕಳ ಹಾಕಿ ಕೂರುವರು. ಪ್ರತಿ ಚೀಲಕ್ಕೂ ಮೊದಲು ಅದರ ಒಡೆಯನನ್ನು ಕೇಳುವರು: “ಕೈ ಆಕ್ಲಾ?” ಆ ಕಡೆಯಿಂದ ಹೂಂ ಅನ್ನುವವರೆಗೆ ಕೈ ಮುಂದೆ ಹೋಗುತ್ತಿರಲಿಲ್ಲ. ಒಳಗೆ ಕೈ ಇಟ್ಟಾಗ ಕಣ್ಣು ರಸ್ತೆಯ ಕಡೆಗೆ. ಬೆರಳಿಗೆ ಸಿಕ್ಕಿದ ಬಾಟಲಿಯನ್ನು ತೆಗೆದು ಚಾಪೆಯ ಮೇಲಿಡುವರು, ಅಷ್ಟೆ. ಒಬ್ಬ ಮೇಷ್ಟರು ತಲೆಗೆಣ್ಣೆಯ ಬಾಟಲಿಯಲ್ಲಿ ಬೇರೆಯದೇ ಎಣ್ಣೆ ತುಂಬಿಕೊಂಡು ಬಂದಿದ್ದರು. ತಾತ ಅದನ್ನು ಎತ್ತಿ ಒಮ್ಮೆ ಅಲುಗಾಡಿಸಿ, “ಮೇಷ್ಟ್ರೇ, ಈ ಎಣ್ಣೆ ತಲೆಗೆ ಬೇಗ ಏರ್ತದೆ, ಮನೇಲೇ ಇರ್ಲಿ” ಎಂದು ಅವರ ಕೈಗೇ ಕೊಟ್ಟರು. ಮೇಷ್ಟರ ಹೆಂಡತಿಗೂ ಗೊತ್ತಾಗಲಿಲ್ಲ. ಯಾರ ಚೀಲದಲ್ಲಿ ಏನು ಕಂಡಿತು ಎಂದು ನಾನು ಕೆದಕಿದರೆ, “ಚೀಲದ್ದು ಚೀಲದಾಗೇ ಇರ್ಲಿ ಬಿಡಪ್ಪ” ಅನ್ನುತ್ತಿದ್ದರು.

ನಿಯಮವನ್ನು ಅವರು ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ, ನೀವೂ ವಿದೇಶಕ್ಕೆ ಹೊರಟರೆ ಉಪಯೋಗಕ್ಕೆ ಬರುತ್ತದೆ. ಕೈಚೀಲದಲ್ಲಿ ಒಂದು ಬಾಟಲಿ ನೂರು ಮಿಲಿಗಿಂತ ದೊಡ್ಡದಿರಬಾರದು. ತಪಾಸಣೆಯವರು ಅಳೆಯುವುದು ಬಾಟಲಿಯನ್ನು, ಒಳಗಿರುವುದನ್ನಲ್ಲ. ಇನ್ನೂರರ ಬಾಟಲಿಯಲ್ಲಿ ಒಂದು ಚಮಚ ಉಳಿದಿದ್ದರೂ ಅದು ಇನ್ನೂರರದೇ. ಅಂಟುವುದು, ಜಾರುವುದು, ಬಳಿಯುವುದು ಎಲ್ಲವೂ ಅವರ ಪಾಲಿಗೆ ನೀರೇ, ತುಪ್ಪ ಕೂಡ. ಲಂಕೆಯಲ್ಲಿ ಬೈನೆ ಮರದ ಪಾಕ ಸಿಗುತ್ತದೆ, ನಮ್ಮ ಜೋನಿಬೆಲ್ಲದ ಹಾಗೆ. ಕೊಳ್ಳಿ, ಆದರೆ ಮೊದಲ ಅಂಗಡಿಯಲ್ಲಿ ಬೇಡ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಕವರ್ ಹಾಕಿ, ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡಿ. ಪೆಟ್ಟಿಗೆ ಕೊಟ್ಟು ಕೈ ಬಿಟ್ಟ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಎರಡನೆಯ ಲಂಕಾ ಪ್ರವಾಸಕ್ಕೆ ತಾತನ ಅತ್ತಿಗೆ ಹೆಸರು ಬರೆಸಿದರು. ಅಣ್ಣನ ಹೆಂಡತಿ, ವಿಧವೆ. ಮಗಳು ದುಡ್ಡು ಕಟ್ಟಿದ್ದಳು. ಚಾಪೆಯ ಸಂಜೆ ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದೂರ ಕೂತರು. ಸರದಿ ಬಂದಾಗ ನನ್ನನ್ನು ಕರೆದು, “ಆ ಮನುಷ್ಯಂಗೆ ಯೋಳಪ್ಪ, ನನ್ ಚೀಲ ಮುಟ್ಬಾರ್ದು. ನೋಡೋದಾದ್ರೆ ನೀನ್ ನೋಡು” ಎಂದರು. ಆ ಮನುಷ್ಯ ಮೂರು ಮಾರು ದೂರದಲ್ಲೇ ಇದ್ದರು. ತಲೆ ಎತ್ತಲಿಲ್ಲ, ಮುಂದಿನ ಚೀಲ ಎಳೆದುಕೊಂಡರು.

ಅದರ ಹಿಂದಿನ ಕಥೆ ತಾತನೇ ಹೇಳಿದ್ದು, ಮಾರಿಕುಪ್ಪಂ ರೈಲಿಗೆ ಕಾಯುತ್ತ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ. ಅಣ್ಣ ಗಣಿಯೊಳಗೆ ಬಂಡೆ ಕೊರೆಯುವವರು. ತಮ್ಮನಿಗೆ ಗೇಟಿನ ಕೆಲಸ ಸಿಕ್ಕಿದ ಮೊದಲ ದಿನವೇ ಅಣ್ಣನ ಪಾಳಿ ಮೇಲೆ ಬಂತು. ಸಾಲಿನಲ್ಲಿ ಅಣ್ಣನ ಸರದಿ ಬಂದಾಗ ತಮ್ಮ ಎಲ್ಲರಿಗೂ ಮಾಡಿದ ಹಾಗೆ, “ಕೈ ಎತ್ತಣ್ಣ” ಎಂದರು.

“ಬಿಟ್ಬಿಡಬೋದಿತ್ತು ತಾತ, ಸ್ವಂತ ಅಣ್ಣ ಅಲ್ವಾ?”

“ಅಣ್ಣನ್ನ ಬಿಟ್ಟು ಅವ್ನ ಇಂದೆ ನಿಂತೋನ ಮೈ ಮುಟ್ಟಿದ್ರೆ, ಅವ್ನು ಕಳ್ಳ ಅಂದಂಗೆ ಆಗ್ತಿರ್ಲಿಲ್ವಾ?”

ಅಣ್ಣ ಕೈ ಎತ್ತಿದರು. ಆ ಸಂಜೆಯಿಂದ ಮಾತು ನಿಲ್ಲಿಸಿದರು. ಒಂದೇ ಸಾಲಿನ ಎರಡು ಮನೆಗಳ ನಡುವೆ ಕರಿಬೇವಿನ ಎಸಳೂ ಓಡಾಡಲಿಲ್ಲ. ಗಣಿ ಮುಚ್ಚುವವರೆಗೂ ಪ್ರತಿ ಪಾಳಿಗೆ ಅಣ್ಣ ತಮ್ಮನ ಮುಂದೆ ಕೈ ಎತ್ತಿ ನಿಂತರು, ತಮ್ಮ ತಡವಿದರು, ಒಂದು ದಿನವೂ ಒಂದು ಮಾತಿಲ್ಲ. ಕೊನೆಗೆ ಅಣ್ಣ ಕೆಮ್ಮಿ ಕೆಮ್ಮಿ ತೀರಿಕೊಂಡರು. ಅತ್ತಿಗೆ ಆ ಮೌನವನ್ನು ಹಾಗೇ ಮುಂದುವರಿಸಿದರು.

ಲಂಕೆಯಲ್ಲಿ ಕೊನೆಯ ದಿನ ಸಮುದ್ರಕ್ಕೆ ಹೋದೆವು. ಅತ್ತಿಗೆ ಸೀರೆ ನೆನೆಸಿಕೊಂಡು ಮೊಣಕಾಲಿನವರೆಗೆ ಇಳಿದು, ಕುಡಿಯುವ ನೀರಿನ ಲೀಟರ್ ಬಾಟಲಿಯನ್ನು ಖಾಲಿ ಮಾಡಿ ಅಲೆಗೆ ಹಿಡಿದು ತುಂಬಿಕೊಂಡರು. ತಳದಲ್ಲಿ ಒಂದಿಷ್ಟು ಮರಳು.

“ಇದೆಲ್ಲ ಯಾಕಮ್ಮ? ಬರೀ ಉಪ್ಪು ನೀರು. ಬಂಗಾರಪೇಟೆಗೆ ಬನ್ನಿ, ಬಕೆಟ್ಗಟ್ಲೆ ಮಾಡ್ಕೊಡ್ತೀನಿ” ಎಂದೆ. ನನ್ನ ಲೆಕ್ಕ ಎಲ್ಲಕ್ಕೂ ಒಂದೇ.

“ನಮ್ ಮನೆಯವ್ರು ಸಮುದ್ರ ನೋಡ್ಬೇಕು ನೋಡ್ಬೇಕು ಅಂತಿದ್ರು. ಚೆನ್ನೈಗೆ ಒಂದು ರೈಲತ್ತಿದ್ರೆ ಮುಗೀತಿತ್ತು. ನಾಳೆ ನಾಳೆ ಅಂತ್ಲೇ ಓದ್ರು. ಸಮಾಧಿ ಮೇಲಾದ್ರೂ ಒಂದು ಗುಟುಕು ಸುರೀತೀನಿ.”

ತಾತ ಹತ್ತು ಹೆಜ್ಜೆ ಆಚೆ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಕೇಳಿಸಿರಬೇಕು.

ಆ ಬಾಟಲಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡಿ ಎಂದು ಆಕೆಗೆ ಹೇಳಿದೆ. ಹೂಂ ಅಂದರು. ಮರುದಿನ ಹೋಟೆಲಿನಲ್ಲಿ ಎಲ್ಲರ ಕೈಚೀಲವನ್ನು ತಾತ ನೋಡಿದರು, ಅತ್ತಿಗೆಯದನ್ನು ನಾನು. ನೋಡಿದೆ ಎಂದರೆ ಜಿಪ್ ಎಳೆದು ಇಣುಕಿದೆ, ಮೇಲೆ ಸೀರೆ ಕಂಡಿತು, ಮುಚ್ಚಿದೆ. ತಪ್ಪು ನನ್ನದು. ಪೆಟ್ಟಿಗೆಗಳನ್ನು ಎಸೆದಾಡುತ್ತಾರೆ, ಬಾಟಲಿ ಒಡೆಯುತ್ತದೆ ಎಂದು ಹೆದರಿ ಆಕೆ ಅದನ್ನು ಆ ಸೀರೆಯೊಳಗೇ ಸುತ್ತಿಟ್ಟಿದ್ದರು.

ಕೊಲಂಬೋದಲ್ಲಿ ವಿಮಾನ ಹತ್ತುವ ಮೊದಲಿನ ತಪಾಸಣೆಯಲ್ಲಿ ಚೀಲ ಪಕ್ಕಕ್ಕೆ ಸರಿಯಿತು. ದೊಡ್ಡ ಪೆಟ್ಟಿಗೆಗಳು ಆಗಲೇ ಹೊರಟುಹೋಗಿದ್ದವು. ತಾತ ಆಗಲೇ ತಪಾಸಣೆ ದಾಟಿ ಆಚೆ ನಿಂತಿದ್ದರು. ಅಲ್ಲಿದ್ದ ಅಧಿಕಾರಿಣಿ ಬಾಟಲಿ ಎತ್ತಿ, ಇದು ಬಿಡಲಾಗುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದರು. ಕೆಜಿಎಫ್‌ನವರಿಗೆ ತಮಿಳು ಅರ್ಥವಾಗದೆ ಇರುತ್ತದೆಯೇ? ಅತ್ತಿಗೆ ಬಾಟಲಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದರು. ನಾನು ನನ್ನ ವಿದ್ಯೆ ತೋರಿಸಲು ಹೋದೆ: ವಯಸ್ಸಾದವರು, ದೇವರ ಕೆಲಸ, ಇದೊಂದು ಸಲ ಮೇಡಂ. ಅಧಿಕಾರಿಣಿ ತಲೆ ಅಲ್ಲಾಡಿಸಿದರು. ಅಲ್ಲಿ ಚೌಕಾಶಿ ನಡೆಯುವುದಿಲ್ಲ, ನೀವೂ ಮಾಡಲು ಹೋಗಬೇಡಿ.

ಆಗ ಅತ್ತಿಗೆ ತಾತನ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ನೇರವಾಗಿ ಆಡಿದ ಮೊದಲ ಮಾತು.

“ನೋಡ್ತಾ ನಿಂತಿದೀಯಲ್ಲ! ಇವ್ರೆಲ್ಲ ನಿನ್ನೋರೇ ಅಲ್ವಾ? ಯೋಳು, ಬಿಡು ಅಂತ ಯೋಳು!”

“ಬಿಡಲ್ಲ ಅತ್ಗೆ. ಬಿಡ್ಲೂಬಾರ್ದು” ಎಂದರು ತಾತ.

ಮುಗಿಯಿತು, ಇನ್ನು ಈ ಜನ್ಮಕ್ಕೆ ಇವರಿಬ್ಬರ ನಡುವೆ ಮಾತಿಲ್ಲ ಅಂದುಕೊಂಡೆ. ತಾತ ಅಧಿಕಾರಿಣಿಯ ಬಳಿ ಬಂದು ತಮಿಳಿನಲ್ಲಿ ಮೆಲ್ಲಗೆ ಏನೋ ಕೇಳಿದರು. ಆಕೆ ಗಡಿಯಾರ ನೋಡಿಕೊಂಡು ಆಗಲಿ ಎಂದರು. ತಾತ ತಮ್ಮ ಚೀಲದಿಂದ ಮಂಡಿನೋವಿನ ಎಣ್ಣೆಯ ಬಾಟಲಿ ತೆಗೆದರು. ನೂರು ಮಿಲಿಯದು. ಅದನ್ನು ಹಚ್ಚದೆ ಅವರಿಗೆ ಬೆಳಿಗ್ಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಎಣ್ಣೆಯನ್ನು ಅಲ್ಲಿದ್ದ ಡಬ್ಬಕ್ಕೆ ಸುರಿದು, ಟವಲಿನ ಮೂಲೆಯನ್ನು ಹುರಿ ಮಾಡಿ ಒಳಗೆಲ್ಲ ತಿರುಗಿಸಿ ಒರೆಸಿದರು. “ಕೊಡಿ ಅತ್ಗೆ” ಎಂದು ಕೈ ಚಾಚಿ ಕಾದರು. ಆಕೆ ಕೊನೆಗೆ ಕೊಟ್ಟರು. ಸಮುದ್ರದ ನೀರಿನಿಂದಲೇ ಆ ಪುಟ್ಟ ಬಾಟಲಿಯನ್ನು ಎರಡು ಸಲ ತೊಳೆದು, ಮೂರನೆಯ ಸಲ ಒಂದು ಹನಿ ಚೆಲ್ಲದೆ ಕುತ್ತಿಗೆಯವರೆಗೆ ತುಂಬಿದರು. ನಾಲ್ಕು ಕಾಳು ಮರಳೂ ಒಳಗೆ ಹೋಗುವ ಹಾಗೆ ನೋಡಿಕೊಂಡರು. ಉಳಿದದ್ದನ್ನು ತಾವೇ ಡಬ್ಬಕ್ಕೆ ಸುರಿದರು.

ದಾಟಿದವರು ಈಚೆ ಬಂದದ್ದರಿಂದ ಅವರು ಮತ್ತೆ ತಪಾಸಣೆಗೆ ನಿಲ್ಲಬೇಕಾಯಿತು. ಕೇಳುವ ಮೊದಲೇ ತಾತ ಎರಡೂ ಕೈ ಎತ್ತಿದರು. ಮೊಮ್ಮಗನ ವಯಸ್ಸಿನ ಸಿಬ್ಬಂದಿಯೊಬ್ಬ ಕಂಕುಳು, ಸೊಂಟ, ಪಂಚೆಯ ಮಡಿಕೆ ತಡವಿದ. ತಾತನ ಕಣ್ಣು ನೆಲದಲ್ಲಿತ್ತು. ಅತ್ತಿಗೆ ಪುಟ್ಟ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಆ ತಪಾಸಣೆಯನ್ನೇ ನೋಡುತ್ತಿದ್ದರು. ಗಣಿಯ ಗೇಟಿನಲ್ಲಿ ನಡೆಯುತ್ತಿದ್ದುದನ್ನು ಆಕೆ ಜೀವಮಾನದಲ್ಲಿ ಕಂಡಿರಲಿಲ್ಲ, ಗಂಡನ ಬಾಯಲ್ಲಿ ಕೇಳಿದ್ದಷ್ಟೇ.

ತಾತ ಹತ್ತಿರ ಬಂದಾಗ ಅತ್ತಿಗೆ ಕೇಳಿದರು: “ಅವ್ರೂ ಇಂಗೇ ತಲೆ ತಗ್ಗಿಸ್ಕೊಂಡು ನಿಂತ್ಕೊತಿದ್ರಾ?”

“ಇಲ್ಲ ಅತ್ಗೆ. ಅಣ್ಣ ತಲೆ ಎತ್ಕೊಂಡೇ ನಿಂತ್ಕೊತಿದ್ದ. ತಗ್ಗಿಸ್ತಿದ್ದೋನು ನಾನು.”

ವಿಮಾನದಲ್ಲಿ ತಾತನಿಗೆ ನಾನು ಕೊಡಿಸಿದ್ದ ಕಿಟಕಿ ಸೀಟಿನಲ್ಲಿ ಅತ್ತಿಗೆ ಕೂತರು, ಪಕ್ಕದ್ದರಲ್ಲಿ ಅವರು.

ತಾತ ತೀರಿಕೊಂಡು ಈಗ ಎರಡು ವರ್ಷ. ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ಅತ್ತಿಗೆಯ ಆ ಬಾಟಲಿಯ ನಂತರ ಇಂದಿಗೂ ನಾನು ಕರೆದುಕೊಂಡು ಹೋದವರ ಒಂದು ಬಾಟಲಿಯೂ ತಪಾಸಣೆಯಲ್ಲಿ ಹೋಗಿಲ್ಲ, ನನ್ನ ವ್ಯಾಪಾರ ನಿಂತಿರುವುದೇ ಆ ಹೆಸರಿನ ಮೇಲೆ. ಆದರೆ ನಾನು ಅವರಿಗೆ ಋಣಿಯಾಗಿರುವುದು ಅದಕ್ಕಲ್ಲ. ಎದುರಿಗಿರುವವನ ಮನಸ್ಸನ್ನು ಮಾತಿನಲ್ಲಿ ಜಗ್ಗಿ ಜಗ್ಗಿ ಗೆಲ್ಲಬಹುದು ಎಂದು ನಂಬಿದ್ದ ನಾನು, ಜಗ್ಗದೆ ಕಾಯುವುದನ್ನು ಅವರಲ್ಲಿ ಕಂಡೆ. ಅವರ ಕೊನೆಯ ಪ್ರವಾಸದ ಹಿಂದಿನ ಸಂಜೆ ಅದು ನನಗೆ ಚೆನ್ನಾಗಿ ಅರ್ಥವಾಯಿತು.

ಅದು ಕನ್ಯಾಕುಮಾರಿಗೆ, ರೈಲಿನಲ್ಲಿ. ಚಾಪೆ ಹಾಸಿರಲಿಲ್ಲ. ತಾತ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅತ್ತಿಗೆ ಆಟೋ ಇಳಿದು ಬಂದವರೇ ತಮ್ಮ ಚೀಲವನ್ನು ಅವರ ಕಾಲ ಬಳಿ ಇಟ್ಟರು.

“ಅಮ್ಮ, ಇದು ರೈಲು. ಹಂಡೆಗಟ್ಲೆ ಎಣ್ಣೆ ತಗೊಂಡೋದ್ರೂ ಕೇಳೋರಿಲ್ಲ, ಇದ್ಕೆಲ್ಲ ಚೆಕ್ ಬೇಡ” ಎಂದೆ.

“ನಿನ್ ಕೇಳಿದ್ನಾ? ಸುಮ್ಕಿರು” ಎಂದರು ನನಗೆ. ತಾತನಿಗೆ, “ನೋಡಪ್ಪ” ಎಂದರು.

ತಾತ ಟೀ ಲೋಟ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಜಿಪ್ ಎಳೆದು ಕೈ ಇಳಿಸಿದರು. ಎಂದಿನಂತೆ ರಸ್ತೆಯ ಕಡೆ ನೋಡುತ್ತಿದ್ದರು. ಎಷ್ಟು ಹೊತ್ತಾದರೂ ಕೈ ಮೇಲೆ ಬರಲಿಲ್ಲ.

“ಏನ್ ಸಿಗ್ತು?” ಅತ್ತಿಗೆ ಕೇಳಿದರು.

“ಒಂದು ಸ್ಟೀಲ್ ಡಬ್ಬ ಐತೆ ಅತ್ಗೆ. ಇನ್ನೂ ಬಿಸಿಗೈತೆ.”

“ಒಬ್ಬಟ್ಟು. ನಿಂಗೇ ಮಾಡಿದ್ದು. ಈಚೆ ತೆಗ್ದು ತಿನ್ನು, ಆರೋಗ್ತದೆ.”