ಅಕ್ಕನ ಎಡಪಕ್ಕೆ

ಮೈಮೇಲೆ ದೇವರು ಬಂತು, ಕಂಡ ಕನಸು ನಿಜವಾಯಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಬೇರೆ, ಕೇಳಬೇಕೆ? ಈಗಲೂ ದೆವ್ವ ಗಿವ್ವ ನಂಬುವವನಲ್ಲ. ಆದರೆ ತೊಂಬತ್ತರ ದಶಕದಲ್ಲಿ ನಡೆದ ಒಂದು ಸಂಗತಿ ಮಾತ್ರ ಎಷ್ಟು ತಿರುವಿ ಹಾಕಿದರೂ ಬಗೆಹರಿದಿಲ್ಲ. ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ನಮ್ಮ ಸರೋಜಕ್ಕ. ಅವಳನ್ನು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮನೆ ತುಂಬ ರೇಷ್ಮೆ ಹುಳು, ಮನುಷ್ಯರಿಗೆ ಉಳಿದದ್ದು ಮೂಲೆ ಮಾತ್ರ. ರಜೆಗೆ ಹೋದರೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಆ ಸದ್ದು ಈಗಲೂ ನೆನಪಾಗುತ್ತದೆ. "ಚಿಕ್ಕೋನಿದ್ದಾಗ ನನ್ನ ಸೊಂಟದ ಮೇಲೇ ಬೆಳೆದೋನು ನೀನು. ಇನ್ನು ಮೇಲೆ ನೀನೇ ನನ್ನ ಹೊತ್ಕೊಂಡು ತಿರುಗಪ್ಪ" ಎಂದು ತಮಾಷೆ ಮಾಡುತ್ತಲೇ ಅವಳು ಆಪರೇಷನ್ನಿಗೆ ಹೋದಳು. ಅವಳ ಎಡಗಡೆಯ ಕಿಡ್ನಿ ನನ್ನ ಬಲಗಡೆಯ ಕಿಬ್ಬೊಟ್ಟೆಯಲ್ಲಿ ಬಂದು ಕೂತಿತು.

ಕೆಲವು ತಿಂಗಳು ಎಲ್ಲವೂ ಸರಿಯಾಗಿತ್ತು. ಒಂದು ದಿನ ಬೆಳಗ್ಗೆ ಶಾಲೆಗೆ ಹೊರಟು ನಿಂತಿದ್ದೆ. ಬಾಗಿಲಲ್ಲಿ ಅಕ್ಕ! ಚಿಕ್ಕಬಳ್ಳಾಪುರಕ್ಕೆ ಬಂದು, ಮಂಚೇನಹಳ್ಳಿ ಮೇಲೆ ಬರುವ ಮೊದಲ ಬಸ್ಸು ಹಿಡಿದಿದ್ದಳು. ಅದು ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಬಿಡುವ ಸಮಯ. ಆ ಹೊತ್ತಿನಲ್ಲಿ ಸ್ವರ್ಗಕ್ಕೆ ಕರೆದರೂ ನಮ್ಮಕ್ಕ ಮನೆ ಬಿಟ್ಟು ಹೊರಡುವವಳಲ್ಲ.

"ನಿಂಗೆ ಹೊಟ್ಟೆ ನೋಯ್ತೈತೇನೋ?" ಎಂದಳು.

"ಇಲ್ಲವಲ್ಲಕ್ಕ, ಚೆನ್ನಾಗಿದ್ದೀನಿ."

"ಹಂಗಾದ್ರೆ ನಂಗ್ಯಾಕೆ ನೋಯ್ತೈತೆ ನಾಯನಾ?"

ಖಾಲಿಯಾಗಿದ್ದ ಎಡಪಕ್ಕೆಯನ್ನು ಒತ್ತಿ ಹಿಡಿದಿದ್ದಳು. ಎರಡು ದಿನದಿಂದ ನೀರು ತುಂಬಿದ ಕೊಡ ಇಟ್ಟ ಹಾಗೆ ಭಾರವಂತೆ. ವಾಯು ಇರಬೇಕೆಂದು ಉಪ್ಪಿನ ಶಾಖ ಕೊಟ್ಟುಕೊಂಡಳಂತೆ, ಜಗ್ಗಲಿಲ್ಲ. "ಇದು ನಂದಲ್ಲ ಕಣೋ, ನಿಂದು. ನಡಿ, ಆಸ್ಪತ್ರೆಗೆ ಹೋಗಣ" ಎಂದು ಹಟ ಹಿಡಿದಳು. ನನ್ನ ಸ್ಕ್ಯಾನಿಂಗಿಗೆ ಇನ್ನೂ ದಿನವಿತ್ತು. ಇವಳನ್ನೇ ಡಾಕ್ಟರಿಗೆ ತೋರಿಸಿದ ಹಾಗಾಯಿತೆಂದು ಹೆಂಡತಿ ಸುಜಾತಳನ್ನೂ ಕರೆದುಕೊಂಡು ಬೆಂಗಳೂರಿನ ರೈಲು ಹತ್ತಿದೆ.

ಡಾಕ್ಟರು ಅಕ್ಕನನ್ನು ಪರೀಕ್ಷಿಸಿದರು. ಏನೂ ತೊಂದರೆ ಕಾಣಲಿಲ್ಲ. ಬಂದದ್ದು ಬಂದಿರಿ ಎಂದು ನನ್ನನ್ನೂ ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಅವರ ಮುಖದ ನಗು ಹೋಯಿತು. ಮೂತ್ರ ಇಳಿಯುವ ನಾಳ ಕಿರಿದಾಗಿ, ಮೂತ್ರ ಕಟ್ಟಿಕೊಂಡು ಕಿಡ್ನಿ ಊದಿತ್ತು. ಹಾಗೇ ಬಿಟ್ಟಿದ್ದರೆ ಅಕ್ಕ ಕೊಟ್ಟ ಕಿಡ್ನಿ ಉಳಿಯುತ್ತಿರಲಿಲ್ಲ.

"ಆದರೆ ನನಗೆ ನೋವೇ ಇಲ್ಲವಲ್ಲ ಡಾಕ್ಟ್ರೇ?" ಎಂದೆ.

"ಇರಲ್ಲ. ಕಸಿ ಮಾಡುವಾಗ ರಕ್ತನಾಳ ಜೋಡಿಸ್ತೀವಿ, ನರ ಜೋಡಿಸಲ್ಲ. ಒಳಗೆ ಹೀಗಾದರೂ ಎಷ್ಟೋ ಸಲ ನಿಮಗೆ ಗೊತ್ತೇ ಆಗಲ್ಲ. ಅದಕ್ಕೇ ಸ್ಕ್ಯಾನಿಂಗ್ ಬೇಕು."

ಸ್ಕ್ಯಾನ್ ನೋಡಿಕೊಂಡೇ ಒಂದು ಸಣ್ಣ ಕೊಳವೆ ಇಳಿಸಿ, ಕಟ್ಟಿದ್ದ ಮೂತ್ರವನ್ನು ಹೊರಗೆ ಬಿಟ್ಟರು. ಹೊರಗೆ ಬೆಂಚಿನ ಮೇಲೆ ಅಕ್ಕ, ಸುಜಾತ ಇದ್ದರು. ನರ್ಸ್ ಬಂದು ಹೇಳುವುದಕ್ಕೂ ಮುಂಚೆಯೇ ಅಕ್ಕ ಪಕ್ಕೆಯಿಂದ ಕೈ ತೆಗೆದು, "ಇಳೀತು ಕಣೇ, ಹಗುರಾಯ್ತು" ಎಂದಳಂತೆ. ಸುಜಾತ ಇಂದಿಗೂ ಆಣೆ ಮಾಡಿ ಹೇಳುತ್ತಾಳೆ.

ಡಾಕ್ಟರು ಕಾಕತಾಳೀಯ ಎಂದರು. ಕಿಡ್ನಿ ಕೊಟ್ಟವರಿಗೆ ಗಾಯದ ಜಾಗ ಆಗಾಗ ನೋಯುವುದುಂಟಂತೆ. ಇರಬಹುದು, ನಾನೂ ಹಾಗೇ ಪಾಠ ಮಾಡುವವನು. ಆದರೆ ಅವತ್ತೇ ಏಕೆ? ಅಕ್ಕನನ್ನು ಕೇಳಿದರೆ, "ನಂಗೇನು ಗೊತ್ತಪ್ಪ, ಆ ಸಲದ ರೇಷ್ಮೆ ಬೆಳೆ ಮಾತ್ರ ಕೆಟ್ಟೋಯ್ತು" ಎಂದು ನಗುತ್ತಿದ್ದಳು.

ಅಕ್ಕ ಹೋಗಿ ಬಹಳ ವರ್ಷಗಳಾದವು. ಅವಳ ಕಿಡ್ನಿ ನನ್ನಲ್ಲಿ ಇನ್ನೂ ದುಡಿಯುತ್ತಿದೆ. ಸ್ಕ್ಯಾನಿಂಗ್ ಮಾತ್ರ ಒಂದು ಸಲವೂ ತಪ್ಪಿಸುವುದಿಲ್ಲ. ಮಲಗಿಸಿ ಜೆಲ್ ಸವರುವಾಗ, "ನೋವು ಗೀವು ಏನೂ ಇಲ್ಲ ತಾನೇ ಮೇಷ್ಟ್ರೇ?" ಎಂದು ಡಾಕ್ಟರು ಕೇಳುತ್ತಾರೆ.

ಇಲ್ಲ ಎನ್ನುತ್ತೇನೆ. ನೋಯುತ್ತಿದ್ದವಳೇ ಈಗ ಇಲ್ಲವಲ್ಲ.