ತೊಟ್ಟಿಯ ಬಳಿ ನಾನು ಕೂಗಿದ್ದು

ಬೆಂಗಳೂರಿನ ಬ್ಯಾಂಕ್ ಕೆಲಸ ಬಿಟ್ಟು ನನ್ನ ಗಂಡ ಹೊಳಲ್ಕೆರೆ ಸೀಮೆಯ ತಾಳ್ಯದ ಆಚೆ ಜಮೀನು ಕೊಂಡಾಗ ನಾನು ಬೇಡವೆನ್ನಲಿಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದರಿಂದ ಗೊಬ್ಬರ, ಔಷಧಿಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಊರು ನಮ್ಮನ್ನು ಮೊದಲ ದಿನದಿಂದಲೂ ಹತ್ತಿರ ಸೇರಿಸಲಿಲ್ಲ. ನಾನು ಎದುರಾದರೆ ಹೆಂಗಸರ ಮಾತು ನಿಲ್ಲುತ್ತಿತ್ತು; ದಾಟಿದ ಮೇಲೆ ಬೆನ್ನ ಹಿಂದೆ ನಗು ಕೇಳುತ್ತಿತ್ತು.

ಜಗಳ ಬೆಳೆದದ್ದು ಕುರಿಗಳಿಂದ. ಕೊಯ್ಲಾದ ಹೊಲ ಎಲ್ಲರ ಕುರಿಗೂ ಮುಕ್ತ ಎಂಬುದು ಅಲ್ಲಿನ ರೂಢಿ. ಬಾವಿಯಿದ್ದವರು ದಾರಿ ಬದಿಯ ಕಲ್ಲುತೊಟ್ಟಿಗೆ ನೀರು ತುಂಬಿಡಬೇಕು. ನಾವೂ ತುಂಬಿಡುತ್ತಿದ್ದೆವು. ಆದರೆ ಜೋಳ ಕೊಯ್ದ ಹೊಲಕ್ಕೆ ಬಂದ ಮಂದೆ ಪಕ್ಕದ ಬದನೆ ಮಡಿಗೂ ನುಗ್ಗಿದ ದಿನ, ನನ್ನ ಗಂಡ ಎಲ್ಲರೆದುರು ಕೂಗಿದರು: "ಇನ್ನೊಂದ್ಸಲ ಬಂದ್ರೆ ಎಂಡ್ರಿನ್ ಇಟ್ಬಿಡ್ತೀನಿ!" ಕೀಟನಾಶಕದ ಆ ಹೆಸರು ಆಗ ಹಳ್ಳಿ ಹಳ್ಳಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಆಡಿದ ಮಾತು, ಅಷ್ಟೆ.

ಹತ್ತು ಹನ್ನೆರಡು ದಿನಗಳ ಮೇಲೆ ಒಂದು ಮಧ್ಯಾಹ್ನ, ನಮ್ಮ ಹೊಲದಲ್ಲಿ ಮೇದು ನಮ್ಮ ತೊಟ್ಟಿಯ ನೀರು ಕುಡಿದ ಮಂದೆಯಲ್ಲಿ ಆರು ಕುರಿ ಕಾಲು ಬಡಿದು ಸತ್ತವು. ಗಳಿಗೆಯೊಳಗೆ ಇಪ್ಪತ್ತು ಮೂವತ್ತು ಜನ ಕೋಲು ಹಿಡಿದು ಸೇರಿದರು.

"ಏ ಸಾಮಿ, ಅವತ್ತು ಏನಂದೆ? ಎಂಡ್ರಿನ್ ಇಕ್ತೀನಿ ಅಂದಿಲ್ವಾ?" ಒಬ್ಬ ಯುವಕ ನನ್ನ ಗಂಡನ ಎದೆಗೆ ಕೋಲು ಒತ್ತಿದ.

"ಬಾಯಲ್ಲಿ ಅಂದೆ ಅಷ್ಟೆ. ನೀರಲ್ಲಿ ಏನೂ ಇಲ್ಲ."

ಕುರಿಗಳ ಯಜಮಾನ, ವಯಸ್ಸಾದವನು, ಸತ್ತ ಕುರಿಯ ಪಕ್ಕದಿಂದ ಎದ್ದು ಬಂದ. "ಏನೂ ಇಲ್ಲ ಅಂದ್ರೆ ಕುಡೀರಿ ಹಂಗಾರೆ."

"ಕುಡೀತೀನಿ. ತನ್ನಿ."

"ಪ್ಯಾಟೆ ಹೊಟ್ಟೆ ಅದು, ಎಲ್ಡು ಚೊಂಬು ಕುಡಿಸ್ರಲೇ!" ಹಿಂದಿನಿಂದ ಯಾರೋ ಕೂಗಿದಾಗ ಕೆಲವರು ನಕ್ಕರು.

ಚೊಂಬು ತೊಟ್ಟಿಯಲ್ಲಿ ಮುಳುಗಿ ಮೇಲೆದ್ದಾಗ ನನಗೆ ಹಿಂದಿನ ಸಂಜೆ ನೆನಪಾಯಿತು. ಬದನೆಗೆ ಔಷಧಿ ಹೊಡೆಸಿದ ಮೇಲೆ ಸ್ಪ್ರೇಯರನ್ನು ನಾನೇ ತೊಟ್ಟಿಯ ಪಕ್ಕ ಕೂತು ತೊಳೆದಿದ್ದೆ. ತೊಳೆದ ನೀರನ್ನು ಬೇಲಿಯ ಕಡೆ ಚೆಲ್ಲಿದ್ದೆ. ಕಡೆಯ ಸಲ ಕೊಡವಿದಾಗ ನಾಲ್ಕು ಹನಿ ಯಾವ ಕಡೆ ಸಿಡಿದವು? ಈಗಲೂ ಕಣ್ಣು ಮುಚ್ಚಿದರೆ ನನ್ನ ಕೈ ಕಾಣುತ್ತದೆ, ಹನಿ ಕಾಣುವುದಿಲ್ಲ. ನನ್ನ ಗಂಡನಿಗೆ ಇದು ಗೊತ್ತಿರಲಿಲ್ಲ. ಅವರು ಚೊಂಬನ್ನು ತುಟಿಗೆ ಎತ್ತುತ್ತಿದ್ದರು.

"ಕುಡೀಬೇಡಿ!" ಎಂದು ಕಿರುಚಿದೆ.

ಜನರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಆ ಯುವಕ ನನ್ನ ಗಂಡನ ಕತ್ತು ಹಿಡಿದು ತೊಟ್ಟಿಗೆ ಬಗ್ಗಿಸಿದ. ಚೊಂಬು ಉರುಳಿತು. ಕನ್ನಡಕ ನೀರಿಗೆ ಬಿತ್ತು. ಇನ್ನು ನಾಲ್ಕು ಬೆರಳು ಬಗ್ಗಿದರೆ ಮುಖ ನೀರಿನೊಳಗೆ. ನಾನು ಅವನ ತೋಳಿಗೆ ಜೋತುಬಿದ್ದೆ. ಇನ್ನೊಬ್ಬ ನನ್ನನ್ನು ಜಾಡಿಸಿ ನೂಕಿದ.

"ಬಿಡಲೇ," ಎಂದ ಯಜಮಾನ. "ಅಮ್ಮಾರೇ ಒಪ್ಕಂಡ್ರಲ್ಲ."

ಸಂಜೆ ಹೊಳಲ್ಕೆರೆಯಿಂದ ದನದ ಡಾಕ್ಟರು ಬಂದರು. ಕೊಯ್ದ ಮೇಲೆ ಉಳಿದ ಜೋಳದ ಕೂಳೆ ಚಿಗುರಿದ್ದನ್ನು ಕಿತ್ತು ನೋಡಿದರು. ಎಳೆ ಚಿಗುರಲ್ಲೂ ವಿಷವಿರುತ್ತದೆ, ಅದನ್ನು ತಿಂದರೂ ಕುರಿ ಹೀಗೇ ಸಾಯುತ್ತವೆ, ಪರೀಕ್ಷೆ ಮಾಡದೆ ಹೇಳಲಾಗದು ಎಂದರು.

"ಕೂಳೆ ಚಿಗುರು ಯಾವ್ದು, ವಿಷ ಯಾವ್ದು ನಮಗೆ ಗೊತ್ತಿಲ್ವಾ ಡಾಕ್ಟ್ರೆ?" ಎಂದ ಯಜಮಾನ. "ಇಷ್ಟಕ್ಕೂ ಕುಡೀಬೇಡಿ ಅಂದೋರು ಅವರ ಮನೆಯೋರೇ."

ಸತ್ತ ಕುರಿಗಳನ್ನು ಆಗಲೇ ಹೂತಿದ್ದರು; ಪರೀಕ್ಷೆಗೆ ಕಳಿಸಲು ನೀರಾದರೂ ಇರಲಿಲ್ಲ. ಇನ್ನೊಂದು ಕುರಿ ಕುಡಿಯದಿರಲಿ ಎಂದು ಯಾರೋ ತೊಟ್ಟಿ ಬರಿದು ಮಾಡಿದ್ದರು.

ಮನೆಯ ಬಾಗಿಲು ಹಾಕಿದ ಮೇಲೆ ನನ್ನ ಗಂಡನಿಗೆ ಸ್ಪ್ರೇಯರ್ ತೊಳೆದದ್ದನ್ನು ಹೇಳಿದೆ.

"ತೊಟ್ಟಿಗೆ ಬಿದ್ದಿತ್ತಾ?"

"ಗೊತ್ತಿಲ್ಲ."

ಅವರು ಕತ್ತು ಉಜ್ಜಿಕೊಂಡರು. ಆಮೇಲೆ, "ಗೊತ್ತಿಲ್ಲದ ಮೇಲೆ ಸುಮ್ಮನಿರಬೇಕಿತ್ತು. ಕುಡಿದಿದ್ದರೆ ನಾವು ಇದೇ ಊರಲ್ಲಿ ಇರಬಹುದಿತ್ತು," ಎಂದರು.

"ನೀವು ಇರುತ್ತಿದ್ದಿರಾ?" ಎಂದೆ. ಅವರು ದೀಪ ಆರಿಸಿದರು. ಕೆಲವೇ ದಿನಗಳಲ್ಲಿ ನಾವು ಊರು ಬಿಟ್ಟು ಬಂದೆವು.