ಬೀಗದಣ್ಣನ ಕೈ

ನನ್ನ ದೊಡ್ಡಮ್ಮ ಟೈಪಿಸ್ಟ್. ಮೂವತ್ತೊಂದು ವರ್ಷ ಒಬ್ಬರೇ ಲೇಖಕರ ಮನೆಯಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಕುಟ್ಟಿ ಕಾಗದಕ್ಕಿಳಿಸಿದವಳು. ಅವಳ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ತರಹದ ಜನ: ಟೈಪಿಂಗ್‌ನಲ್ಲಿ ತಪ್ಪು ಮಾಡುವವರು ಮತ್ತು ದೊಡ್ಡಮ್ಮ. ಹೇಳಿದ್ದನ್ನು ಟೈಪ್ ಮಾಡುವುದು ತನ್ನ ಕೆಲಸ, ತಿದ್ದುವುದಲ್ಲ ಎನ್ನುವುದು ಅವಳ ಕಟ್ಟುನಿಟ್ಟು. ಲೇಖಕರು ಮೈಮರೆತು ಒಂದೇ ಸಂಜೆಯಲ್ಲಿ ಎರಡು ಸಲ ಸೂರ್ಯನನ್ನು ಮುಳುಗಿಸಿದರೆ, ಇವಳೂ ತುಟಿಪಿಟಕ್ಕೆನ್ನದೆ ಎರಡು ಸಲ ಮುಳುಗಿಸುತ್ತಿದ್ದಳು.

ಆ ಲೇಖಕರ ಏಳು ಪತ್ತೇದಾರಿ ಪುಸ್ತಕಗಳ ನಾಯಕ ಬೀಗ ರಿಪೇರಿ ಮಾಡುವವನು. ಓದುಗರಿಗೆಲ್ಲ ಅವನು ಬೀಗದಣ್ಣ. ನಿಜ ಹೇಳಬೇಕೆಂದರೆ ಲೇಖಕರಿಗೆ ಬೀಗದ ಗಂಧಗಾಳಿಯೂ ಇರಲಿಲ್ಲ. ಇದ್ದದ್ದು ನಮ್ಮ ದೊಡ್ಡಪ್ಪನಿಗೆ. ಬಸ್ ನಿಲ್ದಾಣದ ಎದುರು, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದಂಥ ಅಂಗಡಿ ಅವನದು. ಒಮ್ಮೆ ಲೇಖಕರ ಬೀರು ಕೈಕೊಟ್ಟಾಗ ದೊಡ್ಡಪ್ಪ ಹೋಗಿ ತೆಗೆದುಕೊಟ್ಟ. ಮಾರನೆಯ ಬೆಳಿಗ್ಗೆಯೇ ಲೇಖಕರು ಬೀಗದಣ್ಣನನ್ನು ಹೇಳಿ ಬರೆಸಲು ಶುರುಮಾಡಿದರು. ಸ್ವಲ್ಪ ಬಗ್ಗಿದ ಬೆನ್ನು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಯಾವ ಬೀಗ ತೆರೆಯುವ ಮೊದಲೂ ಬಾಗಿಲಿಗೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುವ ಅಭ್ಯಾಸ. ದೊಡ್ಡಮ್ಮ ತನ್ನ ಗಂಡನನ್ನೇ ಟೈಪ್ ಮಾಡುತ್ತ ಹೋದಳು.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಯಿತು. ದೊಡ್ಡಮ್ಮ ಅಳಲಿಲ್ಲ. ದೇಹ ಎತ್ತುವ ಹೊತ್ತಿಗೆ ಗ್ಯಾಸ್ ಆಫ್ ಆಗಿದೆಯಾ ನೋಡು ಎಂದು ನನಗೆ ಹೇಳಿದಳು. ಆಮೇಲೂ ಅಷ್ಟೆ. ಏಳುತ್ತಾಳೆ, ಉಣ್ಣುತ್ತಾಳೆ, ಬಟ್ಟೆ ಇಸ್ತ್ರಿ ಮಾಡುತ್ತಾಳೆ. ನೆಂಟರು ಬೆನ್ನ ಹಿಂದೆ ಕಲ್ಲುಮನಸ್ಸು ಎಂದು ಮೂಗು ಮುರಿದರು. ಅವರ ನಾಲಿಗೆಗೇನು, ಎಲುಬಿಲ್ಲ.

ಈ ನಡುವೆ ಲೇಖಕರೂ ಹೋಗಿಬಿಟ್ಟರು. ಏಳು ಪುಸ್ತಕಗಳನ್ನೂ ಸಿನಿಮಾ ಮಾಡಲು ಹೊರಟ ನಿರ್ದೇಶಕ, ಬೀಗದಣ್ಣನ ಪಾತ್ರಕ್ಕೆ ಯಾರು ಸರಿ ಎಂದು ನೀವೇ ಕೂತು ಹೇಳಬೇಕು, ಪುಸ್ತಕ ನಿಮಗಷ್ಟು ಬಾಯಿಪಾಠ ಬೇರೆ ಯಾರಿಗಿದೆ ಎಂದು ದೊಡ್ಡಮ್ಮನ ಬೆನ್ನು ಬಿದ್ದ. ಸುತರಾಂ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಆಯಿತು ಎಂದುಬಿಟ್ಟಳು. ಮೊದಲ ದಿನ ಕಾರಿನಲ್ಲಿ ಕಾರಣ ಹೇಳಿದಳು.

"ನಂಗೆ ಏನೂ ಅನ್ನಿಸ್ತಾನೇ ಇಲ್ಲ ಕಣೆ. ಅದೇ ಹೆದರಿಕೆ. ನಿಮ್ಮ ದೊಡ್ಡಪ್ಪನ ಹಾಗೆ ಇರೋರು ಒಬ್ಬರು ಕಣ್ಣಿಗೆ ಬಿದ್ರೆ, ಏನಾದ್ರೂ ಅನ್ನಿಸಬಹುದೇನೋ."

ಮೂರನೆಯ ಮಹಡಿಯ ಒಂದು ಖಾಲಿ ಆಫೀಸು. ನಡುವೆ ಗೋಡೆಯಿಲ್ಲದ ಒಂಟಿ ಬಾಗಿಲು, ಬೀಳದಂತೆ ಚೌಕಟ್ಟಿನ ಬುಡಕ್ಕೆ ಮರಳಿನ ಚೀಲ. ಒಬ್ಬೊಬ್ಬರೇ ಬಂದು ಆ ಬಾಗಿಲಿನ ಬೀಗ ತೆರೆಯಬೇಕು. ಮೂರು ದಿನದಲ್ಲಿ ಮೂವತ್ತು ಜನ ಬಂದರು. ಕೆಲವರ ತೋಳು ನೋಡಿದರೆ ಬೀಗ ಯಾಕೆ, ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಹೋಗುವಂತಿತ್ತು. ಎಲ್ಲರೂ ಪುಸ್ತಕ ಓದಿಕೊಂಡೇ ಬಂದಿದ್ದರು, ಎಲ್ಲರೂ ಅಂಗೈ ಇಟ್ಟರು. ದೊಡ್ಡಮ್ಮ 'ಬೆನ್ನು ನೆಟ್ಟಗಿದೆ', 'ಅವಸರ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಾಲ್ಕನೆಯ ದಿನ ನಿರ್ದೇಶಕ ತನ್ನ ಮನಸ್ಸಿನಲ್ಲಿದ್ದವನನ್ನು ಕರೆಸಿದ. ಅವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತಿರುಗಿದ. ಥೇಟ್ ದೊಡ್ಡಪ್ಪ. ದೊಡ್ಡಮ್ಮನ ಕಡೆ ನೋಡಿದೆ. ಚೆನ್ನಾಗಿದ್ದಾರೆ ಎಂದಳು, ಟೀ ಚೆನ್ನಾಗಿದೆ ಎನ್ನುವ ದನಿಯಲ್ಲೇ. ಇಷ್ಟು ಮಾಡಿಯೂ ಏನೂ ಆಗಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಕೊನೆಗೆ ಉಳಿದವನು ಒಬ್ಬ ನಾಟಕದವನು. ಗಿಡ್ಡ, ಬೊಕ್ಕತಲೆ, ದೊಡ್ಡಪ್ಪನಿಗೂ ಅವನಿಗೂ ಯಾವ ಕಡೆಯಿಂದಲೂ ಹೋಲಿಕೆಯಿಲ್ಲ. ಅವನು ಬಾಗಿಲ ಮುಂದೆ ನಿಂತು ಕೈ ಮಗುಚಿದ, ಹಿಂಬದಿಯನ್ನು ಬೀಗದ ಪಕ್ಕದ ಹಲಗೆಗೆ ಮೆಲ್ಲಗೆ ತಾಗಿಸಿ ನಿಂತ. ದೊಡ್ಡಮ್ಮನ ಪೆನ್ನು ನಿಂತಿತು.

ನಿರ್ದೇಶಕ ತಡೆದ. ಪುಸ್ತಕದಲ್ಲಿ ಅಂಗೈ ಅಂತಿದೆ, ಹೀಗೆ ಮಾಡಿದರೆ ಓದಿದವರು ನನ್ನನ್ನು ಸುಮ್ಮನೆ ಬಿಡುತ್ತಾರಾ ಎಂದು ರೇಗಿದ. ನಾಟಕದವನು ತಣ್ಣಗೆ ಉತ್ತರಿಸಿದ. ಕಲಿಯಲೆಂದು ಒಂದು ಬೀಗದ ಅಂಗಡಿಯಲ್ಲಿ ಮೂರು ವಾರ ಕೂತಿದ್ದನಂತೆ. ಕೀಲಿ ಉಜ್ಜುವ ಅರ ಹಿಡಿದು ಹಿಡಿದು ಅವರ ಅಂಗೈ ದಡ್ಡುಗಟ್ಟಿರುತ್ತದೆ, ಒಳಗಿನ ಅಲುಗಾಟ ತಿಳಿಯುವುದು ಹಿಂಬದಿಗೇ. ಬೇಡವೆಂದರೆ ಅಂಗೈಯಲ್ಲೇ ಮಾಡುತ್ತೇನೆ ಎಂದೂ ಸೇರಿಸಿದ.

ನಿರ್ದೇಶಕ ದೊಡ್ಡಮ್ಮನ ಕಡೆ ತಿರುಗಿದ. "ಅಮ್ಮ, ನೀವೇ ಹೇಳಿ. ಪುಸ್ತಕದಲ್ಲಿ ಏನಿದೆ?"

"ಅಂಗೈ ಅಂತಾನೇ ಇದೆ. ಅದು ತಪ್ಪು. ನಾನು ಟೈಪ್ ಮಾಡೋವಾಗ ಮಾಡಿದ ತಪ್ಪು."

"ಏಳು ಪುಸ್ತಕದಲ್ಲೂನಾ?"

"ಏಳರಲ್ಲೂ." ಪೆನ್ನಿಗೆ ಮುಚ್ಚಳ ಹಾಕಿದಳು. "ಇವರನ್ನೇ ತಗೊಳ್ಳಿ."

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ನಿರ್ದೇಶಕ ತಲೆ ಕೆರೆದುಕೊಂಡ, ಕಿಟಕಿಯ ತನಕ ಹೋಗಿ ಬಂದ, ಇನ್ನೂ ಎರಡು ಸಲ ನಾಟಕದವನ ಕೈಯಲ್ಲಿ ಬೀಗ ತೆಗೆಸಿ ನೋಡಿದ. ಕೊನೆಗೆ ಅವನ ಹೆಸರನ್ನೇ ಬರೆದುಕೊಂಡ.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವನನ್ನು ನೋಡಿ ಏನಾದರೂ ಅನ್ನಿಸಿತಾ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಮಾಡದ ತಪ್ಪನ್ನು ಮೈಮೇಲೆ ಯಾಕೆ ಎಳೆದುಕೊಂಡೆ ಎಂದೆ. ಅವಳು ಎದುರಿನ ಬಸ್ಸು ನೋಡುತ್ತ ಹೇಳಿದಳು:

"ಮೊದಲನೇ ಪುಸ್ತಕ ಬಂದಾಗ ನಿಮ್ಮ ದೊಡ್ಡಪ್ಪ ಓದಿದ್ರು. ಅಂಗೈ ಅಲ್ಲ ಕಣೇ, ಕೈ ಹಿಂಬದಿ, ನಿಮ್ಮ ಸಾಹೇಬರಿಗೊಂದು ಮಾತು ಹೇಳು ಅಂದ್ರು. ತಿದ್ದೋದು ನನ್ನ ಕೆಲಸ ಅಲ್ಲ ಅಂದೆ. ಆಮೇಲೆ ಆರು ಪುಸ್ತಕ ಬಂತು. ಆರನ್ನೂ ಓದಿದ್ರು. ಮತ್ತೆ ಹೇಳಲೇ ಇಲ್ಲ."

ನನಗೆ ರಸ್ತೆಯೆಲ್ಲ ಮಂಜು ಮಂಜಾಗಿ ಕಂಡಿತು. ಹಿಂದಿನ ಗಾಡಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

"ಹಸಿರಾಯ್ತು, ನಡಿ," ಎಂದಳು ದೊಡ್ಡಮ್ಮ.